ಹುದುಗಿದ ಗಣಕ



ಗಣಕಯಂತ್ರವೆಂದೊಡನೆ ತೆರೆಯೂ ಕೀಲಿಮಣೆಯೂ ಉಳ್ಳ ಒಂದು ಯಂತ್ರ ನಿಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಸಹಜ. ಆದರೆ ಬಟ್ಟೆ ಒಗೆಯುವ ಯಂತ್ರದಲ್ಲಿ, ವಿದ್ಯುತ್ ಮೀಟರಿನಲ್ಲಿ, ಅಂಗಡಿಯ ತಕ್ಕಡಿಯಲ್ಲಿಯೂ ಉಗುರಗಲದ ಒಂದೊಂದು ಗಣಕ ಕುಳಿತಿರುತ್ತದೆ. ಒಂದೇ ಕೆಲಸ ಅದಕ್ಕೆ ಗೊತ್ತು. ಆ ಕೆಲಸವನ್ನೇ ಹಗಲಿರುಳೂ ಮಾಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಎಂಬೆಡೆಡ್’ ಎನ್ನುತ್ತಾರೆ. ‘ಅಂತಃಸ್ಥಾಪಿತ’ವೆಂದು ನಾಲಗೆಯನ್ನು ದಣಿಸುವುದಕ್ಕಿಂತ ‘ಹುದುಗಿದ ಗಣಕ’ವೆಂದರೆ ಸಾಕೆಂದು ನನ್ನ ಮತ. ಹುದುಗು ಎಂಬುದು ನಮ್ಮ ಹಳೆಯ ಮಾತು. ಅಡಗಿರುವುದೆಂಬ ಅರ್ಥವೂ ಒಳಗೊಂಡಿರುವುದೆಂಬ ಅರ್ಥವೂ ಅದರಲ್ಲಿವೆ.

ಇಂಥ ಒಂದು ಗಣಕವನ್ನು ಮಿರ್ಲೆಯ ಬತ್ತದ ರೈತನೂ ಮೈಸೂರಿನ ವಕೀಲನೂ ಒಂದೇ ಬಗೆಯಲ್ಲಿ ಒತ್ತಿ ಬಂದಿದ್ದಾರೆ. ಅದೇ ಮತಯಂತ್ರ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್, ಈ ಎರಡೇ ಸಂಸ್ಥೆಗಳು ಅದನ್ನು ತಯಾರಿಸುತ್ತವೆ.

ಅದರ ನಡೆಯನ್ನು ನೋಡಿ. ಅಧಿಕಾರಿಯು ತನ್ನ ಮೇಜಿನ ಮೇಲಿನ ನಿಯಂತ್ರಣ ಘಟಕದ ಗುಂಡಿ ಒತ್ತಿದ ಮೇಲೆಯೇ ಮರೆಯೊಳಗಿನ ಘಟಕ ಒಂದು ಮತವನ್ನು ಸ್ವೀಕರಿಸಲು ಸಿದ್ಧವಾಗುತ್ತದೆ. ನೀವು ಚಿಹ್ನೆಯ ಪಕ್ಕದ ಗುಂಡಿ ಒತ್ತಿದಿರಿ, ಕೆಂಪು ದೀಪ ಹತ್ತಿತು, ಸದ್ದಾಯಿತು, ಮುಗಿಯಿತು. ಮತ್ತೆ ಹತ್ತು ಸಲ ಒತ್ತಿದರೂ ಅದು ಮಿಸುಕದು. ಎಲ್ಲವೂ ಬ್ಯಾಟರಿಯ ಬಲದಿಂದ ನಡೆಯುವುದರಿಂದ ಊರಿನಲ್ಲಿ ಕರೆಂಟು ಹೋದರೂ ಮತದಾನ ನಿಲ್ಲದು. ಚಿಪ್ಪಿನಲ್ಲಿರುವ ಆದೇಶಗಳನ್ನು ಒಮ್ಮೆ ಬರೆದರೆ ತಿದ್ದಲಾಗದು, ಯಾವ ಜಾಲಕ್ಕೂ ಯಂತ್ರಕ್ಕೂ ಸಂಪರ್ಕವಿಲ್ಲ ಎಂದು ಚುನಾವಣಾ ಆಯೋಗ ಹೇಳುತ್ತದೆ.

ಈ ಯಂತ್ರ ಮೊದಲು ಮತಗಟ್ಟೆಗೆ ಬಂದದ್ದು 1982ರಲ್ಲಿ, ಕೇರಳದ ಪರವೂರಿನ 50 ಮತಗಟ್ಟೆಗಳಿಗೆ. ಕಾನೂನಿನಲ್ಲಿ ಯಂತ್ರದ ಮಾತೇ ಇಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟು ಅಲ್ಲಿ ಮರುಮತದಾನ ವಿಧಿಸಿತು. ಆಮೇಲೆ ಕಾನೂನು ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಿಗೂ ಯಂತ್ರ ಬಂತು.

ಇಲ್ಲಿ ಒಂದು ಮಾತು. 1962ರ ಮಹಾಚುನಾವಣೆಯಿಂದ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯ ಶಾಯಿ ಮತದಾರನ ಬೆರಳಿಗೆ ಹತ್ತುತ್ತಿದೆ. ಆ ಕಲೆಯನ್ನು ಅಕ್ಷರ ಬಾರದ ಅಜ್ಜಿಯೂ ನೋಡಿ ನಂಬುತ್ತಾಳೆ. ಚಿಪ್ಪನ್ನು ಇಂಜಿನಿಯರನೂ ಬರಿಗಣ್ಣಿನಿಂದ ನೋಡಿ ನಂಬಲಾರ. ಆದ್ದರಿಂದ ಸಂಶಯಪಟ್ಟವರನ್ನು ಅಜ್ಞಾನಿಗಳೆಂದು ಜರೆಯುವುದು ಸರಿಯಲ್ಲ. ಕಾಗದದ ಸಾಕ್ಷ್ಯವು ಅವಶ್ಯವೆಂದು 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಈಗ ನೀವು ಮತ ಹಾಕಿದ ಚಿಹ್ನೆ ಅಚ್ಚಾದ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿ ಮುಚ್ಚಿದ ಪೆಟ್ಟಿಗೆಗೆ ಬೀಳುತ್ತದೆ. ದಯವಿಟ್ಟು ಆ 7 ಸೆಕೆಂಡು ನಿಂತು ನೋಡಿ; ಗುಂಡಿ ಒತ್ತಿ ಹೊರಟೇಬಿಡುವವರೇ ಹೆಚ್ಚು.

ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಡನೆ ತಾಳೆ ನೋಡುವ ಪದ್ಧತಿ 2019ರಿಂದ ಇದೆ. ಎಲ್ಲ ಚೀಟಿಗಳನ್ನೂ ತಾಳೆ ನೋಡಬೇಕೆಂಬ ಕೋರಿಕೆಯನ್ನು 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆದರೆ ಎರಡನೆಯ ಇಲ್ಲವೇ ಮೂರನೆಯ ಸ್ಥಾನ ಪಡೆದ ಅಭ್ಯರ್ಥಿ ಏಳು ದಿನಗಳೊಳಗೆ ಬರೆದು ಕೇಳಿದರೆ, ಕ್ಷೇತ್ರದ ನೂರಕ್ಕೆ ಐದು ಯಂತ್ರಗಳ ಚಿಪ್ಪುಗಳನ್ನು ಪರೀಕ್ಷಿಸಬೇಕೆಂದು ವಿಧಿಸಿತು. ಪರೀಕ್ಷಿಸುವವರು ಯಂತ್ರವನ್ನು ತಯಾರಿಸಿದ ಸಂಸ್ಥೆಯ ಇಂಜಿನಿಯರುಗಳೇ. ಇದಿಷ್ಟು ನನಗೆ ಪೂರಾ ಒಪ್ಪಿಗೆಯಾಗಲಿಲ್ಲ. ಒಡವೆ ಮಾಡಿದ ಅಕ್ಕಸಾಲಿಗನ ಕೈಗೇ ಒರೆಗಲ್ಲನ್ನೂ ಕೊಟ್ಟಂತಾಯಿತು. ಪರೀಕ್ಷೆಯ ಖರ್ಚನ್ನು ಅಭ್ಯರ್ಥಿಯೇ ಕಟ್ಟಬೇಕು. ಯಂತ್ರವನ್ನು ಕೆಡಿಸಿದ್ದು ರುಜುವಾತಾದರೆ ಹಣ ಹಿಂದಕ್ಕೆ ಬರುತ್ತದೆ.