ಬಂದರು ಮತ್ತು ಅದರ ಬೆನ್ನ ಹಿಂದಿನ ದಾರಿ
(ಸಂಘದ ತಿಂಗಳ ಸಭೆಯಲ್ಲಿ ಓದಿದ ಭಾಷಣ)



ನಾವಿರುವ ಈ ಮುಂಬಯಿ ಬಂದರಿನಿಂದ ಬೆಳೆದ ನಗರ. ಬಂದರಿಗೆ ಹತ್ತಿ ಬಂತು, ಹತ್ತಿಯ ಬೆನ್ನಿಗೆ ಗಿರಣಿ ಬಂತು, ಗಿರಣಿಯ ಕೆಲಸಗಾರನಿಗೆ ಊಟ ಚಹಾ ಒದಗಿಸಲು ಹೋಟೆಲು ಬಂತು. ಆಮೇಲೆ ನಮ್ಮವರು ಬಂದರು. ಈ ‘ಬಂದರು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥವಿರುವುದು ನಮ್ಮ ಮಟ್ಟಿಗಂತೂ ಸರಿಯಾಗಿಯೇ ಇದೆ.

ಆದರೆ ನಮ್ಮ ನಾಡಿಗೂ ಕಡಲಿತ್ತಲ್ಲ, ಅಲ್ಲಿ ಏಕೆ ಇಂಥ ದುಡಿಮೆ ಹುಟ್ಟಲಿಲ್ಲ? ಇಂದು ಈ ಪ್ರಶ್ನೆಯ ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಮಂಗಳೂರಿನ ಹಳೆಯ ಬಂದರು ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಅಳಿವೆಯಲ್ಲಿದೆ. ಹೊಳೆ ತಂದ ಮರಳು, ಕಡಲು ನೂಕಿದ ಮರಳು ಎರಡೂ ಕೂಡಿ ಅಳಿವೆಯ ಬಾಯಿಗೆ ದಿಬ್ಬ ಕಟ್ಟುತ್ತವೆ. ಹೀಗಾಗಿ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ದೂರ ಕಡಲಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಹೆಂಚು, ಕಾಫಿ, ಗೋಡಂಬಿ ದೋಣಿಯಲ್ಲಿ ಅಲ್ಲಿಗೆ ಹೋಗಿ ಹಡಗಿಗೆ ಏರಬೇಕಿತ್ತು. ಒಂದೇ ಮೂಟೆಯನ್ನು ಎರಡು ಮೂರು ಬಾರಿ ಎತ್ತಿ ಇಳಿಸಿದ ಕೂಲಿ, ನೆನೆದ ಸರಕಿನ ನಷ್ಟ, ಕಾದು ನಿಂತ ಹಡಗಿನ ಖರ್ಚು, ಎಲ್ಲವೂ ಬೆಲೆಯ ಮೇಲೆ ಕೂತವು. ಮಳೆಗಾಲದಲ್ಲಿ ಅದೂ ಇಲ್ಲ. ಮುಂಬಯಿಗೆ ಬರುತ್ತಿದ್ದ ಉಗಿಹಡಗು ಕೂಡ ಮಳೆ ಹಿಡಿದರೆ ನಿಂತುಬಿಡುತ್ತಿತ್ತು.

ಇದು ಮುಂದಿನ ಬಾಗಿಲಿನ ತೊಂದರೆ. ಹಿಂದಿನ ಬಾಗಿಲಿನದು ಇನ್ನೂ ದೊಡ್ಡದು. 1907ರಲ್ಲಿ ಮಂಗಳೂರಿಗೆ ರೈಲು ಬಂತು, ಆದರೆ ಮದರಾಸಿನ ಕಡೆಯಿಂದ. ಘಟ್ಟದ ಮೇಲಿನ ಮೈಸೂರು ಸೀಮೆಗೂ ಘಟ್ಟದ ಕೆಳಗಿನ ಬಂದರಿಗೂ ನಡುವೆ ಬೆಟ್ಟವಿದ್ದಂತೆ ಸರ್ಕಾರದ ಗಡಿಯೂ ಇತ್ತು. 1956ರ ನವೆಂಬರ್ 1ರಂದು ಗಡಿ ಅಳಿಯಿತು, ಬೆಟ್ಟ ಉಳಿಯಿತು.

ಉತ್ತರ ಕರ್ನಾಟಕದ ಗಿರಣಿ ಸೋದರರಿಗೂ ಈ ಕತೆ ಹೊಸದಲ್ಲ. ಧಾರವಾಡ ಸೀಮೆಯ ಹತ್ತಿ ಸಾಗಿಸಲೆಂದು 1860ರ ದಶಕದಲ್ಲಿ ಕಾರವಾರ ಬಂದರಿನ ಮಾತು ಎದ್ದಿತು. ರೈಲು ಮಾತ್ರ ಗೋವೆಯ ಮರ್ಮಗೋವೆಗೆ ಹೋಯಿತು. ಹತ್ತಿಯೂ ರೈಲಿನ ಹಿಂದೆ ಹೋಯಿತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇಂದಿಗೂ ಮುಗಿದಿಲ್ಲ. ಅಲ್ಲಿಯ ಕಾಡಿನ ಪ್ರಶ್ನೆ ಕ್ಷುಲ್ಲಕವಾದುದಲ್ಲ ಎಂಬುದನ್ನೂ ಒಪ್ಪಬೇಕು.

ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ 1962ರಲ್ಲಿ ಆರಂಭವಾಯಿತು. ಅದಕ್ಕಾಗಿ ದಿಲ್ಲಿಯಲ್ಲಿ ಓಡಾಡಿದ ಲೋಕಸಭಾ ಸದಸ್ಯ ಉಳ್ಳಾಲ ಶ್ರೀನಿವಾಸ ಮಲ್ಯರು 1965ರಲ್ಲಿಯೇ ತೀರಿಕೊಂಡರು. ಹೊಳೆಯ ಬಾಯಿಯನ್ನು ಬಿಟ್ಟು, ನೆಲವನ್ನೇ ಅಗೆದು ಕಡಲನ್ನು ಒಳಕ್ಕೆ ಕರೆತಂದ ಬಂದರು ಅದು. 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಧಾನ ಬಂದರೆನಿಸಿತು; 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಗದ್ದೆ ಮನೆ ಬಿಟ್ಟುಕೊಟ್ಟು ಎದ್ದುಹೋದ ಕುಟುಂಬಗಳ ಹೆಸರು ಯಾವ ಉದ್ಘಾಟನೆಯ ಕಲ್ಲಿನ ಮೇಲೂ ಇರುವುದಿಲ್ಲ. ಅವರನ್ನು ಇಲ್ಲಿ ನೆನೆಯೋಣ.

ಬಂದರೇನೋ ಆಯಿತು. ಮಂಗಳೂರಿನಿಂದ ಹಾಸನಕ್ಕೆ ರೈಲು ದಾರಿಯಾದುದು 1979ರಲ್ಲಿ, ಅದೂ ಮೀಟರ್ ಗೇಜು. ದೊಡ್ಡ ಹಳಿಯ ಮೇಲೆ ಸರಕಿನ ಗಾಡಿ ಓಡಿದ್ದು 2006ರಲ್ಲಿ! ಅಷ್ಟರಲ್ಲಿ ಕುದುರೆಮುಖದ ಅದಿರನ್ನು ಕಡಲಿಗೆ ಇಳಿಸಿದ ಬಗೆ ನೋಡಿರಿ: ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಹರಿಸಿದರು. ಬುದ್ಧಿವಂತಿಕೆಯ ಕೆಲಸವೇ ಸರಿ. ಆದರೆ ಕೊಳವೆಯ ದಾರಿಯಲ್ಲಿ ಚಹಾದಂಗಡಿ ಹುಟ್ಟುವುದಿಲ್ಲ, ಗ್ಯಾರೇಜು ಏಳುವುದಿಲ್ಲ, ಊರು ಬೆಳೆಯುವುದಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಈಗಲೂ ಪಣಂಬೂರಿನಲ್ಲಿ ಎಣ್ಣೆ, ಅಡುಗೆ ಅನಿಲ, ಕಲ್ಲಿದ್ದಲಿನದೇ ಭರಾಟೆ. ಬೆಂಗಳೂರಿನ ಕಂಟೇನರುಗಳಲ್ಲಿ ಹೆಚ್ಚಿನವು ಚೆನ್ನೈ ದಾರಿ ಹಿಡಿಯುತ್ತವೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಒಂಟಿ ಹಳಿ, 57 ಸುರಂಗ, ಐವತ್ತು ಅಡಿಗೆ ಒಂದಡಿ ಏರುವ ಚಡಾವು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ಹಳಿ ಮುಚ್ಚಿತು. 2024ರ ಜುಲೈ ಕೊನೆಯಲ್ಲಿ ಮತ್ತೆ ಮುಚ್ಚಿತು. ಪಕ್ಕದ ಶಿರಾಡಿ ರಸ್ತೆಯದೂ ಮಳೆಗಾಲದಲ್ಲಿ ಇದೇ ಪಾಡು. ಗುಡ್ಡದ ಮರ್ಜಿಗೆ ಯಾವ ವ್ಯಾಪಾರಿ ತನ್ನ ಸರಕನ್ನು ಒಪ್ಪಿಸಿಯಾನು?

ಮನಸ್ಸು ಮಾಡಿದರೆ ದಾರಿಯಾಗುತ್ತದೆ ಎಂಬುದಕ್ಕೆ ಕೊಂಕಣ ರೈಲು ಸಾಕ್ಷಿ. ಮಂಗಳೂರಿನಿಂದ ಈ ನಗರಕ್ಕೆ ಬಂದು ಟ್ಯಾಕ್ಸಿ ಚಾಲಕರನ್ನೂ ಹೋಟೆಲು ಕಾರ್ಮಿಕರನ್ನೂ ಸಂಘಟಿಸಿದ ಜಾರ್ಜ್ ಫರ್ನಾಂಡಿಸರು ರೈಲು ಮಂತ್ರಿಯಾಗಿದ್ದಾಗ, 1990ರಲ್ಲಿ, ಅದಕ್ಕೊಂದು ನಿಗಮ ಹುಟ್ಟಿತು. ಇ. ಶ್ರೀಧರನ್ನರು ಕೆಲಸದ ಹೊಣೆ ಹೊತ್ತರು. ಸುಮಾರು 740 ಕಿಲೋಮೀಟರ್ ಹಾದಿ, 90ಕ್ಕೂ ಹೆಚ್ಚು ಸುರಂಗ, ಹೊನ್ನಾವರದ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ. 1998ರ ಜನವರಿ 26ರಂದು ಪೂರ್ತಿ ತೆರೆಯಿತು. ಸುರಂಗ ಕೊರೆಯುವಾಗ ಸತ್ತ ಕೂಲಿಗಾರರ ಲೆಕ್ಕವನ್ನೂ ಈ ಲೆಕ್ಕದ ಜೊತೆಗೇ ಇಡಬೇಕು. ಅದಕ್ಕೆ ಮೊದಲು ರೈಲಿನಲ್ಲಿ ಮಂಗಳೂರಿಗೆ ಹೋಗಬೇಕಾದರೆ ತಮಿಳುನಾಡು, ಕೇರಳ ಸುತ್ತಬೇಕಿತ್ತು. ಊರಿನಿಂದ ತಂದೆಯ ಕಾಯಿಲೆಯ ತಂತಿ ಬಂದವನಿಗೆ ಆ ಸುತ್ತಿನ ಅರ್ಥ ಗೊತ್ತು.

ಜಲಮಾರ್ಗಗಳ ಮಾತೂ ಈಚೆಗೆ ಜೋರಾಗಿದೆ. 2016ರ ಕಾನೂನು 111 ಜಲಮಾರ್ಗಗಳನ್ನು ರಾಷ್ಟ್ರೀಯವೆಂದು ಸಾರಿತು. ನೇತ್ರಾವತಿ, ಗುರುಪುರ, ಶರಾವತಿ, ಕಾಳಿ ಎಲ್ಲವೂ ಆ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹೊಳೆಯ ಹೂಳು ಹೋಗುವುದಿಲ್ಲ. ಗೋವೆಯ ಮಾಂಡವಿ, ಜುವಾರಿಗಳಲ್ಲಿ ದಶಕಗಳ ಕಾಲ ಬಾರ್ಜುಗಳು ಓಡಿದವು, ಏಕೆಂದರೆ ಒಂದು ತುದಿಯಲ್ಲಿ ಅದಿರಿತ್ತು, ಇನ್ನೊಂದು ತುದಿಯಲ್ಲಿ ಹಡಗಿತ್ತು.

‘ಬಂದರು ಬೆಳೆದರೆ ಕೆಲಸ ಬೆಳೆಯುತ್ತದೆ’ ಎಂಬ ಮಾತನ್ನು ಮಾತ್ರ ನಾವು ಹಾಗೆಯೇ ನುಂಗಬಾರದು. 1956ರಲ್ಲಿ ಅಮೆರಿಕದಲ್ಲಿ ಮೊದಲ ಕಂಟೇನರ್ ಹಡಗು ಹೊರಟ ದಿನದಿಂದ ಧಕ್ಕೆಯ ಹಮಾಲನ ಕೆಲಸ ಕರಗುತ್ತ ಬಂದಿದೆ. 1989ರಲ್ಲಿ ನ್ಹಾವಾ ಶೇವಾ ತೆರೆದ ಮೇಲೆ ಮುಂಬಯಿಯ ಹಳೆಯ ಗೋದಿಗಳಲ್ಲಿಯೂ ಅದನ್ನು ಕಂಡೆವು. ಈಗ ಕೆಲಸವಿರುವುದು ದಾರಿಯುದ್ದಕ್ಕೂ: ಉಗ್ರಾಣದಲ್ಲಿ, ಕಾರ್ಖಾನೆಯಲ್ಲಿ, ಲಾರಿ ನಿಲ್ಲುವಲ್ಲಿ, ಊಟದ ಮನೆಯಲ್ಲಿ. ದಾರಿಯಿಲ್ಲದ ಬಂದರು ಊರಿನ ಹುಡುಗನಿಗೆ ಏನನ್ನೂ ಕೊಡದು. ಅವನು ಮತ್ತೆ ಮುಂಬಯಿಯ ರೈಲು ಹತ್ತುತ್ತಾನೆ.

ಘಾಟಿಗೆ ಎರಡನೆಯ ಹಳಿ, ಗುಡ್ಡ ಕುಸಿಯದಂತೆ ಭದ್ರತೆ, ನೆಲ ಕಳೆದುಕೊಳ್ಳುವವರಿಗೆ ಕೆಲಸ ಹಿಡಿಯುವ ಮೊದಲೇ ಪರಿಹಾರ, ಈ ಮೂರನ್ನು ಕೇಳುವ ಮನವಿಯೊಂದನ್ನು ಸಂಘ ಸಿದ್ಧಪಡಿಸಿದೆ. ಪ್ರತಿ ವಾಚನಾಲಯದ ಮೇಜಿನ ಮೇಲಿದೆ. ಹೋಟೆಲು ಮುಚ್ಚಿ ಬರುವವರಿಗಾಗಿ ಈ ವಾರವಿಡೀ ರಾತ್ರಿ ಹನ್ನೆರಡರವರೆಗೆ ಬಾಗಿಲು ತೆರೆದಿರುತ್ತದೆ. ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಮಾಡಿರಿ.