ಮೊದಲ ಎರಡು ಕೊಡ



ನಾನು ಹುಡುಗನಾಗಿದ್ದಾಗ ನಮ್ಮ ಅತ್ತೆಯ ಮನೆಯ ನಳಕ್ಕೆ ನೀರು ಬರುತ್ತಿದ್ದುದು ವಾರಕ್ಕೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ನಳ ಮೊದಲು ಬುಸುಗುಡುತ್ತಿತ್ತು, ಆಮೇಲೆ ಕೆಮ್ಮಣ್ಣಿನ ಬಣ್ಣದ ನೀರು ಕಾರುತ್ತಿತ್ತು. ಮೊದಲ ಎರಡು ಕೊಡ ಅತ್ತೆ ಗಟಾರಕ್ಕೆ ಸುರಿಯುತ್ತಿದ್ದರು. ಇಷ್ಟು ದಿನ ಕಾದ ನೀರನ್ನು ಚೆಲ್ಲುವುದೇ ಎಂದರೆ, ‘ಅದು ಪೈಪ್ ತೊಳದ ನೀರೋ ತಮ್ಮಾ’ ಎನ್ನುತ್ತಿದ್ದರು.

ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಹುಬ್ಬಳ್ಳಿ-ಧಾರವಾಡದ ನಳಗಳ ನೀರನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಸಂಶೋಧನೆ ಅತ್ತೆಯ ಮಾತನ್ನೇ ಹೇಳಿತು. ನೀರು ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಬಿರುಕು, ಸಡಿಲ ಜಾಯಿಂಟುಗಳಲ್ಲಿ ಸುತ್ತಲಿನ ಕೊಳೆ ಒಳಗೆ ಜಿನುಗುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ.

ನೀರು ನಿಲ್ಲದೇ ಹರಿದರೆ? ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬಂತು. ಮೂರೂ ಊರಿನ ಜನರಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಮಾತ್ರ, ನಿಜ. ಆದರೆ ಅಲ್ಲಿ ಹಳೆಯ ಜಾಲಕ್ಕೆ ತೇಪೆ ಹಚ್ಚಲಿಲ್ಲ. ಬೀದಿ ಅಗೆದು ಹೊಸ ಪೈಪು ಹಾಕಿದರು, ಮನೆಮನೆಗೆ ಮೀಟರ್ ಕೂರಿಸಿದರು. ಬಿಲ್ಲು ಎಷ್ಟಾದೀತು, ಊರ ನೀರನ್ನು ಖಾಸಗಿ ಕಂಪನಿ ಏಕೆ ನೋಡಿಕೊಳ್ಳಬೇಕು ಎಂದು ಜನ ಕೇಳಿದರು. ಹಾಗೆ ಕೇಳಿದವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಬದಿಗೆ ಸರಿಸುವುದು ನನಗೆ ಒಪ್ಪಿಗೆಯಿಲ್ಲ. ದುಡ್ಡು ಕೊಡುವವರು ಲೆಕ್ಕ ಕೇಳಲೇಬೇಕು.

ಇನ್ನು ರಸ್ತೆ. ನಮ್ಮಲ್ಲಿ ಎಷ್ಟೋ ಕಡೆ ಮೊದಲು ಕಾಂಕ್ರೀಟು, ಆಮೇಲೆ ಪೈಪು. ರಸ್ತೆಗಾದರೆ ಗುದ್ದಲಿ ಪೂಜೆ, ತೆಂಗಿನಕಾಯಿ, ಬ್ಯಾನರು ಎಲ್ಲ ಉಂಟು. ಮಣ್ಣೊಳಗಿನ ಪೈಪಿನ ಜೊತೆ ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ನಿವಾಸಿಗಳಾದ ನಾವೂ ಸಾಚಾ ಅಲ್ಲ, ಅರ್ಜಿ ಹಿಡಿದು ಹೋದಾಗ ಕೇಳುವುದು ರಸ್ತೆಯನ್ನೇ. ಆರು ತಿಂಗಳಿಗೆ ಕಟ್ಟರ್ ಬರುತ್ತದೆ, ಹೊಸ ಕಾಂಕ್ರೀಟಿನ ನಡುವೆ ಉದ್ದಕ್ಕೂ ಗೆರೆ ಕೊರೆಯುತ್ತದೆ. ಮುಚ್ಚಿದ ಮಣ್ಣು ಮೊದಲ ಮಳೆಗೇ ಕೂರುತ್ತದೆ. ಸ್ಕೂಟರಿನ ಮುಂದಿನ ಗಾಲಿ ಹುಡುಕಿಕೊಂಡು ಹೋಗಿ ಇಳಿಯುವುದು ಅದರಲ್ಲೇ.

ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಹೇಳಿದೆ. ರಸ್ತೆಯ ಟೆಂಡರ್ ಕರೆಯುವ ಮೊದಲು ಆ ಸಮಿತಿಯ ಮುಂದೆ ಎರಡು ಕಾಗದ ಇಡಿ ಎಂಬುದಷ್ಟೇ ನನ್ನ ಕೋರಿಕೆ. ಬೀದಿಯಡಿಯ ಪೈಪು ಯಾವ ಕಾಲದ್ದು, ಎಷ್ಟು ಆಳದಲ್ಲಿದೆ ಎಂಬ ನಕ್ಷೆ ಒಂದು. ಈಗಲೇ ಪೈಪು ಬದಲಿಸಿದರೆ ಎಷ್ಟು, ರಸ್ತೆಯಾದ ಮೇಲೆ ಅಗೆದರೆ ಎಷ್ಟು ಎಂಬ ಲೆಕ್ಕ ಇನ್ನೊಂದು. ಇವೆರಡೂ ಇಲ್ಲದೆ ಜನರ ಅಭಿಪ್ರಾಯ ಕೇಳುವುದೆಂದರೆ ಚಹಾ ಬಿಸ್ಕತ್ತಿನ ಖರ್ಚು ಅಷ್ಟೇ.

ನಕ್ಷೆ ಸಿಗದಿದ್ದರೆ ವಾಲ್ವ್‌ಮನ್‌ನನ್ನು ಕೇಳಿ. ಯಾವ ವಾಲ್ವು ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಓಣಿಗೆ ನೀರು ಏರುತ್ತದೆ, ಎಲ್ಲಿ ನೆಲ ಬೇಸಿಗೆಯಲ್ಲೂ ಒದ್ದೆ ಎಂಬುದು ಅವರ ಕೈಗೆ ಗೊತ್ತು. ಇಂದಿನ ಆಹ್ವಾನ ಪತ್ರಿಕೆಯಲ್ಲಿ ಪ್ರಾಧ್ಯಾಪಕರಿದ್ದಾರೆ, ಅಧಿಕಾರಿಗಳಿದ್ದಾರೆ, ವಾಲ್ವ್‌ಮನ್ ಒಬ್ಬರೂ ಇಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ನನಗೆ ಕೊಟ್ಟಿರುವ ಹದಿನೈದು ನಿಮಿಷ ಅವರಿಗಿರಲಿ. ಒಬ್ಬರು ಕೊನೆಯ ಸಾಲಿನಲ್ಲಿ ಕೂತಿದ್ದಾರೆ, ರಜೆ ಹಾಕಿಸಿ ನಾನೇ ಕರೆತಂದಿದ್ದೇನೆ.