ಕೇಳುವುದಾದರೆ ಒಂದನ್ನೇ ಕೇಳಿರಿ
(ಸಂಘದ ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಹೋಟೆಲಿನಲ್ಲಿ ಪ್ಲೇಟು ತೊಳೆದು, ಟೇಬಲು ಒರಸಿ ದೊಡ್ಡವರಾದವರು. ನಮ್ಮ ಓದು ಮಿಡ್ಲ್ ಸ್ಕೂಲಿಗೇ ಮುಗಿಯಿತು. ಈಗ ನಮ್ಮವರ ಮಕ್ಕಳು ಕಾಲೇಜಿಗೆ ಹೋಗಿ, ‘ಮುಂಬಯಿಯ ಹೋಟೆಲ್ ಕಾರ್ಮಿಕರು’ ಎಂದು ಪ್ರಬಂಧ ಬರೆಯಲು ನಮ್ಮಲ್ಲಿಗೇ ಬರುತ್ತಾರೆ. ಬಹಳ ಸಂತೋಷ. ಆದರೆ ‘ನಿಮ್ಮ ಕಷ್ಟಸುಖ ಹೇಳಿ’ ಎಂದರೆ ನಾವೇನು ಹೇಳೋಣ? ‘ಕಷ್ಟ’ ಎಂಬ ಒಂದೇ ಮಾತಿನಲ್ಲಿ ಎಲ್ಲರದೂ ಮುಗಿದುಹೋಗುತ್ತದೆ.

ವಿಷಯವನ್ನು ಚಿಕ್ಕದು ಮಾಡಿಕೊಳ್ಳಿರಿ. ಉದಾಹರಣೆಗೆ, ಮುಂಬಯಿಯ 1948ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಹೋಟೆಲ್ ಕೆಲಸಗಾರನಿಗೆ ದಿನಕ್ಕೆ 9 ಗಂಟೆಯ ಮಿತಿ, ವಾರಕ್ಕೊಂದು ರಜೆ ಎಂದಿತ್ತು. 2017ರಲ್ಲಿ ಹೊಸ ಕಾಯಿದೆ ಬರುವವರೆಗೆ ಅದೇ ನಡೆಯಿತು. ಆ ಕಾಲದಲ್ಲಿ ಒಂದು ಬೀದಿಯ ಹೋಟೆಲುಗಳಲ್ಲಿ ನಿಜವಾಗಿ ಎಷ್ಟು ಗಂಟೆ ದುಡಿದರು? ಇಷ್ಟನ್ನೇ ಹಿಡಿಯಿರಿ.

ಗಲ್ಲೆಯ ಮೇಲೆ ಕೂತವರನ್ನು ಮಾತ್ರ ಕೇಳಬೇಡಿರಿ. ಹಿಟ್ಟು ರುಬ್ಬಿದವರನ್ನು, ಪ್ಲೇಟು ತೊಳೆದವರನ್ನೂ ಕೇಳಿರಿ. ‘ಎಷ್ಟು ಗಂಟೆ ದುಡಿದಿರಿ?’ ಎಂದರೆ ಲೆಕ್ಕ ಸಿಕ್ಕದು. ಗಡಿಯಾರ ನೋಡಿ ದುಡಿದವರು ನಾವಲ್ಲ. ‘ಏಳುವಾಗ ಹಾಲಿನವನು ಬಂದಿದ್ದನೇ? ಮಲಗುವಾಗ ಕೊನೆಯ ಲೋಕಲ್ ಹೋಗಿತ್ತೇ?’ ಎಂದು ಕೇಳಿದರೆ ಗಂಟೆ ತಾನಾಗಿ ಹೊರಬೀಳುತ್ತದೆ. ಹಾಜರಿ ಪುಸ್ತಕ, ಪಗಾರದ ಚೀಟಿ ಸಿಕ್ಕಿದರೆ ತಾಳೆ ನೋಡಿರಿ. ಪುಸ್ತಕ 9 ಎಂದು, ಮನುಷ್ಯ 14 ಎಂದರೆ ಎರಡನ್ನೂ ಬರೆಯಿರಿ. ಆ ನಡುವಿನ ಐದು ಗಂಟೆ ಎಲ್ಲಿ ಹೋಯಿತೆಂದು ಹುಡುಕುವುದೇ ನಿಮ್ಮ ಸಂಶೋಧನೆ.

ಗಿರಣಿಯವರ ವಿಷಯದಲ್ಲಿ ಇಂಥ ಕೆಲಸ ನಡೆದಿದೆ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಮುಂದೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮೀನಾ ಮೆನನ್ ಮತ್ತು ನೀರಾ ಅಡಾರ್ಕರ್ ಗಿರಣಗಾಂವಿನ ಜನರ ಬಾಯಿಂದಲೇ ಕೇಳಿ 2004ರಲ್ಲಿ ಪುಸ್ತಕ ಹೊರತಂದರು. ಗಿರಣಿ ಹೋದರೂ ಮಾತು ಉಳಿಯಿತು. ನಮ್ಮ ಹೋಟೆಲಿನ ಹಿರಿಯರ ಮಾತಾದರೋ ಅವರೊಂದಿಗೇ ಹೋಗುತ್ತಿದೆ.

ಕಾರ್ಮಿಕ ಬಂಧುಗಳಿಗೂ ಒಂದು ಮಾತು. ಮಕ್ಕಳು ಕೇಳಬಂದರೆ ‘ಅದೆಲ್ಲ ಈಗ ಯಾಕೆ’ ಎಂದು ಕಳುಹಿಸಬೇಡಿರಿ. ನೆನಪಿದ್ದಷ್ಟೇ ಹೇಳಿರಿ, ಕಟ್ಟಿ ಹೇಳಬೇಡಿರಿ. ಮಕ್ಕಳೇ, ಹೆಸರು ಬೇಡವೆಂದವರ ಹೆಸರು ಹಾಕಲೇಬಾರದು. ಕೆಲಸದಲ್ಲಿರುವವನ ಹೆಸರು ಹೊರಬಿದ್ದರೆ ಅವನ ಹೊಟ್ಟೆಯ ಮೇಲೆ ಹೊಡೆದ ಹಾಗೆ.

ಬರೆದಾದ ಮೇಲೆ ಕಾಲೇಜಿಗೆ ಕೊಡುವ ಮೊದಲು ಸಂಘಕ್ಕೆ ಬಂದು ನಮ್ಮ ಮುಂದೆ ಓದಿರಿ. ತಪ್ಪಿದ್ದಲ್ಲಿ ತಿದ್ದಿಕೊಡುತ್ತೇವೆ. ನಮ್ಮ ಬಾಳಿನ ಲೆಕ್ಕ, ನಾವೂ ಒಮ್ಮೆ ಕೇಳಬೇಡವೇ?